ಕೆಮ್ಮಣ್ಣು ಬಣ್ಣದ ಡಬ್ಬಿಗಳ ಲೆಕ್ಕ

ರೈಲ್ವೆ ಗೇಟು ಬಿದ್ದು ಗೂಡ್ಸ್ ಗಾಡಿ ಹಾಯುವಾಗ ನಾವು ಮಾಡುವುದು ಎರಡೇ ಕೆಲಸ: ಒಂದೋ ಡಬ್ಬಿ ಎಣಿಸುತ್ತೇವೆ, ಇಲ್ಲವೇ ಬೈಕು ಆರಿಸಿ ಗೊಣಗುತ್ತೇವೆ. ಎಣಿಸಿದವರಿಗೂ ಐವತ್ತೆಂಟೋ ಐವತ್ತೊಂಬತ್ತೋ ಎಂಬ ಸಂಖ್ಯೆ ಬಿಟ್ಟು ಹೆಚ್ಚೇನೂ ದಕ್ಕುವುದಿಲ್ಲ. ಪ್ರಯಾಣಿಕರ ಗಾಡಿಗಾದರೆ ಹೆಸರಿದೆ. ಗೋಲಗುಂಬಜ್, ಹಂಪಿ, ರಾಣಿ ಚೆನ್ನಮ್ಮ ಎಂದು ಊರವರು ಗುರುತು ಹಿಡಿಯುತ್ತಾರೆ. ಎಂಜಿನ್ನಿಗೂ ಅಭಿಮಾನಿಗಳಿದ್ದಾರೆ. ಗೂಡ್ಸ್ ಡಬ್ಬಿಗೆ ಮಾತ್ರ ಹೇಳುವವರು ಕೇಳುವವರು ಇಲ್ಲ.

ಅಮೆರಿಕದಲ್ಲಿ ಆ ಡಬ್ಬಿಗೇ ಮನಸೋತವರ ದೊಡ್ಡ ಬಳಗವಿದೆ. ಮಾಡೆಲ್ ರೈಲು ಕಟ್ಟುವ ಹವ್ಯಾಸ ಅಲ್ಲಿ ಹಳೆಯದು. ಲಯೊನೆಲ್ ಕಂಪನಿ ಶುರುವಾದದ್ದು 1900ರಲ್ಲಿ. ಮಿಲ್ವಾಕಿ ನಗರದಲ್ಲಿ ವಾಲ್ತರ್ಸ್ ಕಂಪನಿ 1932ರಲ್ಲಿ ವ್ಯಾಪಾರಕ್ಕಿಳಿಯಿತು, 1934ರಲ್ಲಿ ಅದೇ ಊರಿಂದ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆ ಹೊರಟಿತು, ಮರುವರ್ಷ ಅಲ್ಲೇ ಹವ್ಯಾಸಿಗಳ ರಾಷ್ಟ್ರೀಯ ಸಂಘವೂ ಹುಟ್ಟಿತು. ಆರ್ಥಿಕ ಮಹಾಕುಸಿತದ ನಟ್ಟನಡುವೆ, ಜನ ಕೆಲಸಕ್ಕಾಗಿ ಬೀದಿ ಅಲೆಯುತ್ತಿದ್ದಾಗ, ಪುಟಾಣಿ ರೈಲಿಗೆಂದೇ ಪತ್ರಿಕೆ ತೆಗೆದವರ ಧೈರ್ಯ ದೊಡ್ಡದು. ಈ ಬಳಗದೊಳಗೇ ಇನ್ನೊಂದು ಒಳಬಳಗವಿದೆ. ಅವರಿಗೆ ಎಂಜಿನ್ ಹೆಚ್ಚೆಂದರೆ ಡಬ್ಬಿ ಎಳೆಯಲು ಬೇಕಾದ ಒಂದು ಸಾಧನ. ಅವರು ಪ್ರತಿ ಮಾಡೆಲ್ ಡಬ್ಬಿಯ ಹಿಂದಿರುವ ಅಸಲಿ ಡಬ್ಬಿಯನ್ನು ಹುಡುಕುತ್ತಾರೆ. ಅದನ್ನು ಯಾವ ಕಾರ್ಖಾನೆ ಕಟ್ಟಿತು, ಯಾವ ತಿಂಗಳು, ಚಾವಣಿಯ ತಗಡು ಯಾವ ಬಗೆಯದು, ಬಾಗಿಲಿನ ಅಗಲ ಆರಡಿಯೋ ಎಂಟಡಿಯೋ. ‘ರಿವೆಟ್ ಎಣಿಸುವವರು’ ಎಂದು ಉಳಿದ ಹವ್ಯಾಸಿಗಳು ಇವರನ್ನು ಗೇಲಿ ಮಾಡುತ್ತಾರೆ. ಇವರು ನಿಜಕ್ಕೂ ಎಣಿಸುತ್ತಾರೆ, ಆದ್ದರಿಂದ ಗೇಲಿ ನಾಟುವುದಿಲ್ಲ.

ಅಲ್ಲಿ ಹೆಚ್ಚು ಜನಪ್ರಿಯವಾದ ಅಳತೆ ಎಚ್‌ಒ. ಅಸಲಿಯ 87ರಲ್ಲಿ ಒಂದು ಭಾಗ. 40 ಅಡಿ ಉದ್ದದ ಡಬ್ಬಿ ಈ ಲೆಕ್ಕದಲ್ಲಿ 14 ಸೆಂಟಿಮೀಟರ್ ಆಗುತ್ತದೆ. 1435 ಮಿಲಿಮೀಟರಿನ ಹಳಿ 16.5 ಮಿಲಿಮೀಟರಿಗೆ ಇಳಿಯುತ್ತದೆ. ಜಾಗ ಕಡಿಮೆಯಿದ್ದವರಿಗೆ 160ರಲ್ಲಿ ಒಂದರ ಎನ್ ಅಳತೆಯೂ ಇದೆ. ಡಬ್ಬಿ ತೀರಾ ಹಗುರವಾದರೆ ತಿರುವಿನಲ್ಲಿ ಹಳಿ ತಪ್ಪುತ್ತದೆಂದು ಹವ್ಯಾಸಿಗಳ ಸಂಘ ತೂಕಕ್ಕೂ ಒಂದು ಸೂತ್ರ ಕೊಟ್ಟಿದೆ. ಎಚ್‌ಒ ಡಬ್ಬಿಗೆ ಮೊದಲು ಒಂದು ಔನ್ಸ್, ಆಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. 40 ಅಡಿ ಡಬ್ಬಿಯ ಮಾಡೆಲ್ ಹೀಗೆ ಸುಮಾರು 106 ಗ್ರಾಂ ತೂಗಬೇಕು. ನಾನು ಸುಮ್ಮನೆ ಇನ್ನೊಂದು ಲೆಕ್ಕ ಹಾಕಿ ನೋಡಿದೆ. ಐವತ್ತು ಟನ್ ಹೊರುವ ಹಳೆಯ ಡಬ್ಬಿ ಸರಕು ತುಂಬಿದಾಗ ಸುಮಾರು 76 ಟನ್ ತೂಗುತ್ತಿತ್ತು. ಉದ್ದ, ಅಗಲ, ಎತ್ತರ ಮೂರೂ 87 ಪಟ್ಟು ಕುಗ್ಗಿದರೆ ತೂಕ ಆರೂವರೆ ಲಕ್ಷ ಪಟ್ಟು ಕುಗ್ಗುತ್ತದೆ. ಭಾಗಿಸಿದರೆ ಬರುವುದು 115 ಗ್ರಾಂ. ಮೇಜಿನ ಮೇಲೆ ಹಳಿ ತಪ್ಪದಿರಲಿ ಎಂದು ಮಾಡಿಕೊಂಡ ಸೂತ್ರ ಅಸಲಿ ಡಬ್ಬಿಯ ತೂಕದ ಸಮೀಪವೇ ಬಂದು ನಿಂತಿದೆ. ಕಾಕತಾಳೀಯವೇ ಇರಬಹುದು, ಆದರೂ ಖುಷಿ ಕೊಡುವಂಥದ್ದು.

ನನಗೆ ಈ ಹವ್ಯಾಸದಲ್ಲಿ ಕುತೂಹಲ ಹುಟ್ಟಿಸಿದ್ದು ತೂಕವಲ್ಲ, ಅದರೊಳಗಿನ ಒಂದು ವಿರೋಧಾಭಾಸ. ಸಂಗ್ರಹ ಮಾಡುವವರಿಗೆ ಬೇಕಾಗುವುದು ಅಪರೂಪದ್ದು, ಬಣ್ಣಬಣ್ಣದ್ದು, ಕೆಲವೇ ಕೆಲವು ಇರುವಂಥದ್ದು. ರೈಲು ನಡೆದದ್ದು ಮಾತ್ರ ಸಾಧಾರಣ ಡಬ್ಬಿಗಳಿಂದ. 1950ರ ಸುಮಾರಿಗೆ ಅಮೆರಿಕದ ದೊಡ್ಡ ರೈಲು ಕಂಪನಿಗಳ ಬಳಿ ಇದ್ದ ಗೂಡ್ಸ್ ಡಬ್ಬಿಗಳು ಹದಿನೇಳು ಲಕ್ಷದಷ್ಟು. ಅವುಗಳಲ್ಲಿ ಏಳು ಲಕ್ಷದಷ್ಟು ಬಾಕ್ಸ್‌ಕಾರ್‌ಗಳು, ಅಂದರೆ ನಾಲ್ಕು ಕಡೆ ಗೋಡೆ, ಮೇಲೆ ಚಾವಣಿ, ಪಕ್ಕಕ್ಕೆ ಜಾರುವ ಬಾಗಿಲಿರುವ ಡಬ್ಬಿಗಳು. ಗೋಧಿ, ಕಾಗದ, ಮರದ ಹಲಗೆ, ರೇಡಿಯೊ, ಟಿನ್ನಿನಲ್ಲಿ ತುಂಬಿದ ಟೊಮ್ಯಾಟೊ, ಎಲ್ಲವೂ ಅವುಗಳಲ್ಲೇ ಹೋಗುತ್ತಿದ್ದವು. ಬಹುಪಾಲಿನ ಬಣ್ಣ ಒಂದೇ, ಕೆಮ್ಮಣ್ಣಿನದು. ಕಬ್ಬಿಣದ ಆಕ್ಸೈಡಿನ ಬಣ್ಣ ಅಗ್ಗ, ಬಿಸಿಲಿಗೆ ಬಾಳಿಕೆ ಬರುತ್ತದೆ, ಕೊಳೆ ಎದ್ದು ಕಾಣುವುದಿಲ್ಲ. ಕಂಪನಿಗಳು ಅದನ್ನು ಬಳಿದದ್ದು ಅಷ್ಟೇ ಕಾರಣಕ್ಕೆ.

ಇದಕ್ಕೆ ಸಾಕ್ಷಿ ಬೇಕಿದ್ದರೆ ಜ್ಯಾಕ್ ಡೆಲಾನೊ ತೆಗೆದ ಚಿತ್ರಗಳಿವೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942–43ರ ಚಳಿಗಾಲದಲ್ಲಿ, ಸರ್ಕಾರದ ಪರವಾಗಿ ಷಿಕಾಗೋದ ರೈಲ್ವೆ ಯಾರ್ಡುಗಳಿಗೆ ಹೋಗಿ ಆತ ಕೊಡಾಕ್ರೋಮ್ ಫಿಲ್ಮಿನಲ್ಲಿ ವರ್ಣಚಿತ್ರ ತೆಗೆದ. ಅವು ಈಗ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಯಾರು ಬೇಕಾದರೂ ನೋಡಬಹುದು. ಷಿಕಾಗೋ ಅಂಡ್ ನಾರ್ತ್ ವೆಸ್ಟರ್ನ್ ಕಂಪನಿಯ ಪ್ರೊವಿಸೊ ಯಾರ್ಡಿನ ಚಿತ್ರಗಳಲ್ಲಿ ಕಣ್ಣು ಹಾಯುವವರೆಗೆ ಡಬ್ಬಿಗಳ ಸಾಲು. ಒಂದರ ಮೇಲೆ ಬರೆದ ಹೆಸರು ಇನ್ನೊಂದರ ಮೇಲಿಲ್ಲ, ಬಣ್ಣ ಮಾತ್ರ ಹೆಚ್ಚುಕಡಿಮೆ ಎಲ್ಲವದೂ ಅದೇ ಮಾಸಲು ಕೆಂಪು. ಅಲ್ಲೊಂದು ಇಲ್ಲೊಂದು ಹಳದಿಯೋ ಕಿತ್ತಳೆಯೋ ಇಣುಕುತ್ತದೆ. ಡೆಲಾನೊ ಡಬ್ಬಿಗಳ ಅಭಿಮಾನಿಯಾಗಿರಲಿಲ್ಲ, ದುಡಿಯುವವರನ್ನು ಚಿತ್ರಿಸಲು ಹೋದವನು. ಅವನ ಹಿನ್ನೆಲೆಯಲ್ಲಿ ಸುಮ್ಮನೆ ನಿಂತಿದ್ದ ಡಬ್ಬಿಗಳ ನಂಬರುಗಳನ್ನು ಇವತ್ತಿಗೂ ಹವ್ಯಾಸಿಗಳು ಹಿಗ್ಗಿಸಿ ಓದುತ್ತಾರೆ.

ಸಂಗ್ರಹಕಾರರ ಕಪಾಟಿಗೆ ಬಂದರೆ ಚಿತ್ರವೇ ಬೇರೆ. ಅಲ್ಲಿ ರೀಫರ್‌ಗಳದೇ ರಾಜ್ಯಭಾರ. ರೀಫರ್ ಎಂದರೆ ಮಂಜುಗಡ್ಡೆ ತುಂಬಿ ಒಳಗೆ ತಂಪು ಕಾಯುವ ಡಬ್ಬಿ. ಇದರ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಷಿಕಾಗೋದ ಮಾಂಸದ ವ್ಯಾಪಾರಿ ಗಸ್ಟಾವಸ್ ಸ್ವಿಫ್ಟ್‌ಗೆ ಜೀವಂತ ದನಗಳನ್ನು ಪೂರ್ವದ ನಗರಗಳಿಗೆ ಸಾಗಿಸುವುದು ದಂಡ ಅನ್ನಿಸಿತು. ದನದ ಅರ್ಧದಷ್ಟು ತೂಕ ತಿನ್ನಲು ಬಾರದ ಭಾಗ, ಅದಕ್ಕೂ ಬಾಡಿಗೆ ಕಟ್ಟಬೇಕು, ದಾರಿಯಲ್ಲಿ ಮೇವು ನೀರಿನ ಖರ್ಚು ಬೇರೆ. ಷಿಕಾಗೋದಲ್ಲೇ ಕಡಿದು ಮಾಂಸ ಕಳಿಸಿದರೆ? ಎಂಜಿನಿಯರ್ ಆ್ಯಂಡ್ರೂ ಚೇಸ್ 1878ರಲ್ಲಿ ಅವನಿಗೆ ಮಂಜುಗಡ್ಡೆ ಮೇಲಿಟ್ಟು ತಂಪುಗಾಳಿ ಕೆಳಗಿಳಿಯುವ ಡಬ್ಬಿ ರೂಪಿಸಿಕೊಟ್ಟ. ರೈಲು ಕಂಪನಿಗಳು ಕೈ ಹಚ್ಚಲಿಲ್ಲ. ದನ ಸಾಗಿಸುವ ಡಬ್ಬಿಗಳಿಗೂ ದಾರಿಯ ದೊಡ್ಡಿಗಳಿಗೂ ಅವು ಆಗಲೇ ಹಣ ಸುರಿದಿದ್ದವು. ಸ್ವಿಫ್ಟ್ ಸ್ವಂತ ಡಬ್ಬಿ ಕಟ್ಟಿಸಿ, ದನದ ವ್ಯವಹಾರ ಹೆಚ್ಚಿಲ್ಲದ ಗ್ರಾಂಡ್ ಟ್ರಂಕ್ ರೈಲ್ವೆಯ ಮೂಲಕ ಸುತ್ತುದಾರಿಯಲ್ಲಿ ಕಳಿಸಿದ. ಡಬ್ಬಿ ರೈಲ್ವೆಯದಲ್ಲ, ವ್ಯಾಪಾರಿಯದು ಎಂಬ ಪದ್ಧತಿ ಗಟ್ಟಿಯಾಗಿ ಬೇರು ಬಿಟ್ಟದ್ದು ಹೀಗೆ.

ಹಣ್ಣಿಗೂ ಇದೇ ದಾರಿಯಾಯಿತು. ಯೂನಿಯನ್ ಪೆಸಿಫಿಕ್ ಮತ್ತು ಸದರ್ನ್ ಪೆಸಿಫಿಕ್ ಸೇರಿ 1906ರಲ್ಲಿ ಪೆಸಿಫಿಕ್ ಫ್ರೂಟ್ ಎಕ್ಸ್‌ಪ್ರೆಸ್ ಎಂಬ ಕಂಪನಿ ಕಟ್ಟಿದವು. ಕ್ಯಾಲಿಫೋರ್ನಿಯಾದ ಕಿತ್ತಳೆ, ಲೆಟ್ಯೂಸ್, ದ್ರಾಕ್ಷಿ ನ್ಯೂಯಾರ್ಕಿನ ಮಂಡಿಗೆ ತಲುಪಬೇಕಿತ್ತು. ಡಬ್ಬಿಯ ಎರಡೂ ತುದಿಯ ಗೂಡುಗಳಲ್ಲಿ ಸುಮಾರು ಐದು ಟನ್ ಮಂಜುಗಡ್ಡೆ ಹಿಡಿಯುತ್ತಿತ್ತು. ಹೆಚ್ಚುಕಡಿಮೆ ದಿನಕ್ಕೊಮ್ಮೆ ಗಾಡಿ ಎತ್ತರದ ಕಟ್ಟೆಗಳ ಪಕ್ಕ ನಿಂತಾಗ ಆಳುಗಳು ಚಾವಣಿಯ ಬಾಗಿಲು ತೆಗೆದು 300 ಪೌಂಡಿನ ಗಡ್ಡೆಗಳನ್ನು ಒಡೆದು ತುಂಬುತ್ತಿದ್ದರು. ಸ್ಯಾಕ್ರಮೆಂಟೊ ಬಳಿಯ ರೋಸ್‌ವಿಲ್‌ನಲ್ಲಿ ಇದಕ್ಕೆಂದೇ ಬೃಹತ್ತಾದ ಮಂಜುಗಡ್ಡೆ ಕಾರ್ಖಾನೆಯಿತ್ತು. ಈ ಕಂಪನಿಯ ಬಳಿ ಒಂದು ಕಾಲಕ್ಕೆ ನಲವತ್ತು ಸಾವಿರದಷ್ಟು ಕಿತ್ತಳೆ ಬಣ್ಣದ ಡಬ್ಬಿಗಳಿದ್ದವು. ಎಂದರೆ ಕಿತ್ತಳೆ ರೀಫರ್ ಕಪಾಟಿನಲ್ಲಿ ಎಷ್ಟಿದ್ದರೂ ನ್ಯಾಯವೇ, ಅದು ತನ್ನ ಕಾಲದ ಸಾಧಾರಣ ಡಬ್ಬಿ.

ನ್ಯಾಯವಲ್ಲದ್ದು ಇನ್ನೊಂದು ಬಗೆ. 1920ರ ದಶಕದಲ್ಲಿ ಮಾಂಸ, ಬೆಣ್ಣೆ, ಚೀಸ್ ಮಾರುವವರು ಬಾಡಿಗೆ ರೀಫರ್‌ಗಳ ಗೋಡೆ ತುಂಬ ತಮ್ಮ ಜಾಹೀರಾತು ಬರೆಸಿದರು. ಹಂದಿಮಾಂಸದ ಬ್ರ್ಯಾಂಡು, ಬಣ್ಣದ ಮುದ್ರೆ, ದಪ್ಪಕ್ಷರದ ಘೋಷಣೆ. ಗೊಣಗಾಟ ಶುರುವಾಯಿತು. ಪ್ರತಿಸ್ಪರ್ಧಿಯ ಹೆಸರು ಹೊತ್ತ ಡಬ್ಬಿಯಲ್ಲಿ ನನ್ನ ಸರಕು ಯಾಕೆ ಹೋಗಬೇಕು ಎಂದು ಇನ್ನೊಬ್ಬ ವ್ಯಾಪಾರಿ ಹಟ ಹಿಡಿದರೆ ಡಬ್ಬಿ ಖಾಲಿ ಓಡಬೇಕು. ಜಾಹೀರಾತಿನ ನೆಪದಲ್ಲಿ ಕೈಬದಲಾಗುವ ಹಣ ಬಾಡಿಗೆಯಲ್ಲಿ ಕದ್ದುಕೊಟ್ಟ ರಿಯಾಯಿತಿಯೂ ಆಗಬಹುದಿತ್ತು. ಅಂತರರಾಜ್ಯ ವಾಣಿಜ್ಯ ಆಯೋಗ 1934ರಲ್ಲಿ ಇಂಥ ಡಬ್ಬಿಗಳನ್ನು ನಿಷೇಧಿಸಿತು. 1937ರ ಹೊತ್ತಿಗೆ ಅವು ಹಳಿಯಿಂದ ಮಾಯವಾದವು. ಹೀಗೆ ಹತ್ತು ಹದಿನೈದು ವರ್ಷ ಮಾತ್ರ ಮೆರೆದ ಡಬ್ಬಿಗಳು ಮಾಡೆಲ್ ಲೋಕದಲ್ಲಿ ಇವತ್ತಿಗೂ ಓಡುತ್ತಿವೆ. ಡೀಸೆಲ್ ಎಂಜಿನ್ನಿನ ಹಿಂದೆ, 1970ರ ದಶಕದ ಊರಿನ ನಡುವೆಯೂ ಓಡುತ್ತವೆ. ಮಾಡೆಲ್ ಅಂಗಡಿಯ ಕಪಾಟು ನೋಡಿ ಅಮೆರಿಕದ ಗೂಡ್ಸ್ ಗಾಡಿ ಹೀಗಿತ್ತು ಅಂದುಕೊಳ್ಳುವುದು, ಮದುವೆ ಆಲ್ಬಮ್ಮು ನೋಡಿ ಆ ಮನೆಯವರು ದಿನವೂ ರೇಷ್ಮೆ ಉಡುತ್ತಾರೆ ಅಂದುಕೊಂಡಂತೆ.

ಬಣ್ಣದ ಮೋಹಕ್ಕೆ ಎರಡನೇ ಉದಾಹರಣೆ 1970ರ ದಶಕದ್ದು. ಇದು ನನಗೆ ಇನ್ನೂ ಇಷ್ಟ, ಯಾಕೆಂದರೆ ಇದರಲ್ಲಿ ರೈಲಿಗಿಂತ ದುಡ್ಡಿನ ಆಟ ಹೆಚ್ಚು. ಅಮೆರಿಕದಲ್ಲಿ ಒಂದು ಕಂಪನಿಯ ಡಬ್ಬಿ ಇನ್ನೊಂದರ ಹಳಿಯ ಮೇಲೆ ನಿಂತಷ್ಟು ದಿನವೂ ಮಾಲೀಕ ಕಂಪನಿಗೆ ದಿನಬಾಡಿಗೆ ಸಲ್ಲಬೇಕು. 1902ರಿಂದ ಈ ಪದ್ಧತಿ ನಡೆದುಬಂದಿದೆ. 70ರ ದಶಕದಲ್ಲಿ ಬಾಕ್ಸ್‌ಕಾರ್‌ಗಳ ಕೊರತೆ ಕಾಡಿದಾಗ, ಹೊಸದನ್ನು ಕಟ್ಟಿಸುವವರಿಗೆ ಉತ್ತೇಜನವೆಂದು ಹೆಚ್ಚುವರಿ ದಿನಬಾಡಿಗೆಗೆ ಸರ್ಕಾರ ಅವಕಾಶ ಕೊಟ್ಟಿತು. ರೈಲಿನ ಗಂಧಗಾಳಿಯಿಲ್ಲದ ಹೂಡಿಕೆದಾರರು ಧಾವಿಸಿದರು. ಡಬ್ಬಿ ಕಟ್ಟಿಸಿ, ಹತ್ತಿಪ್ಪತ್ತು ಮೈಲಿ ಹಳಿಯಿರುವ ಯಾವುದೋ ಪುಟ್ಟ ರೈಲು ಕಂಪನಿಯ ಹೆಸರನ್ನು ಅದರ ಮೇಲೆ ಬರೆಸಿದರು. ನೀಲಿ, ಹಸಿರು, ಹಳದಿ ಬಣ್ಣದ ಮೇಲೆ ಚಂದದ ಲಾಂಛನ. ಆ ಡಬ್ಬಿ ದೇಶಸಂಚಾರ ಮಾಡುತ್ತ ದಿನಾ ದುಡಿಯುತ್ತಿತ್ತು. 80ರ ದಶಕದ ಆರಂಭದಲ್ಲಿ ವ್ಯಾಪಾರ ಕುಸಿಯಿತು. ದೊಡ್ಡ ಕಂಪನಿಗಳು ‘ನಿಮ್ಮ ಡಬ್ಬಿ ನೀವು ಇಟ್ಟುಕೊಳ್ಳಿ’ ಎಂದು ವಾಪಸ್ ಕಳಿಸತೊಡಗಿದವು. ಕೆಲವು ಪುಟ್ಟ ಕಂಪನಿಗಳಲ್ಲಿ ತಮ್ಮ ಹೆಸರಿನ ಡಬ್ಬಿಗಳನ್ನೆಲ್ಲ ನಿಲ್ಲಿಸಲು ಬೇಕಾದಷ್ಟು ಹಳಿಯೇ ಇರಲಿಲ್ಲ.

ಅದೇ ಹೊತ್ತಿನಲ್ಲಿ, 1974ರಲ್ಲಿ, ರೈಲ್‌ಬಾಕ್ಸ್ ಎಂಬ ಹೆಸರಿನಲ್ಲಿ ಎಲ್ಲ ಕಂಪನಿಗಳೂ ಹಂಚಿಕೊಂಡು ಬಳಸುವ ಹಳದಿ ಡಬ್ಬಿಗಳು ಬಂದವು. ಅವು ಕೊರತೆ ನೀಗಿಸುವ ಹೆಚ್ಚು ವಿವೇಕದ ಉಪಾಯ. ಸಂಗ್ರಹಕಾರರಿಗೆ ಪುಟ್ಟ ಕಂಪನಿಗಳ ಡಬ್ಬಿಗಳೇ ಹೆಚ್ಚು ಪ್ರಿಯ.

ಅಸಲಿಯೇ ಇಲ್ಲದ ಮಾಡೆಲ್‌ಗಳದು ಇನ್ನೂ ಒಂದು ಹೆಜ್ಜೆ ಮುಂದಿನ ಮಾತು. ಲಯೊನೆಲ್ ಕಂಪನಿ 1960ರ ದಶಕದಲ್ಲಿ ಒಂದು ಜಿರಾಫೆ ಡಬ್ಬಿ ಮಾರಿತು. ಚಾವಣಿಯಿಂದ ಕತ್ತು ಹೊರಚಾಚಿದ ಜಿರಾಫೆ, ಸೇತುವೆ ಬಂದಾಗ ತಲೆ ತಗ್ಗಿಸುತ್ತದೆ. ಮಕ್ಕಳಿಗೆ ಅದಕ್ಕಿಂತ ಇನ್ನೇನು ಬೇಕು! ಅದೇ ಕಂಪನಿಯ 6464 ಸರಣಿಯ ಬಾಕ್ಸ್‌ಕಾರ್‌ಗಳು, 1953ರಲ್ಲಿ ಶುರುವಾದವು, ಈಗ ಗಂಭೀರ ಸಂಗ್ರಹದ ವಸ್ತು. ಅಲ್ಲಿ ಬೆಲೆ ನಿಲ್ಲುವುದು ಅಸಲಿಯನ್ನು ಎಷ್ಟು ಹೋಲುತ್ತದೆ ಎಂಬುದರ ಮೇಲಲ್ಲ. ಅಚ್ಚಿನಲ್ಲಿ ಯಾವ ಸಣ್ಣ ವ್ಯತ್ಯಾಸವಿದೆ, ಬಣ್ಣ ಯಾವ ಛಾಯೆಯದು, ಮೂಲ ರಟ್ಟಿನ ಪೆಟ್ಟಿಗೆ ಜೊತೆಗಿದೆಯೇ ಎಂಬುದರ ಮೇಲೆ. ಅದು ಆಟಿಕೆಯ ಚರಿತ್ರೆ, ಅದಕ್ಕೆ ತನ್ನದೇ ಮರ್ಯಾದೆಯಿದೆ. ರೈಲಿನ ಚರಿತ್ರೆಯೊಂದಿಗೆ ಅದನ್ನು ಬೆರೆಸಬಾರದು, ಅಷ್ಟೆ.

ಹಾಗಾದರೆ ಒಂದು ನಿಜವಾದ ಗಾಡಿಯನ್ನು ಹೋಲುವ ಮಾಡೆಲ್ ಗಾಡಿಯಲ್ಲಿ ಯಾವ ಡಬ್ಬಿ ಎಷ್ಟಿರಬೇಕು? ಈ ಪ್ರಶ್ನೆಯನ್ನು ಹವ್ಯಾಸಿಗಳು ಎಷ್ಟು ಗಂಭೀರವಾಗಿ ತೆಗೆದುಕೊಂಡರೆಂದರೆ ಅದರಿಂದ ಒಂದು ಸಿದ್ಧಾಂತವೇ ಹುಟ್ಟಿತು. ಟಿಮ್ ಗಿಲ್ಬರ್ಟ್ ಮತ್ತು ಡೇವ್ ನೆಲ್ಸನ್ ಎಂಬ ಇಬ್ಬರು ಹಳೆಯ ಗಾರ್ಡುಗಳ ನೋಟ್‌ಬುಕ್ಕುಗಳನ್ನು ಹಿಡಿದು ಕೂತರು. ಗಾರ್ಡು ತನ್ನ ಗಾಡಿಯ ಪ್ರತಿ ಡಬ್ಬಿಯ ಮಾಲೀಕರ ಗುರುತು, ನಂಬರು, ಸರಕು, ಹೊರಟ ಊರು, ಸೇರುವ ಊರು ಎಲ್ಲ ಬರೆದಿಟ್ಟುಕೊಳ್ಳಬೇಕಿತ್ತು. ಅವುಗಳನ್ನು ಕೂಡಿ ಕಳೆದು ನೋಡಿದಾಗ ಕಂಡದ್ದು ಇದು: ಕಂಪನಿಯ ಸ್ವಂತ ಡಬ್ಬಿಗಳನ್ನು ಬದಿಗಿಟ್ಟರೆ, ದೂರ ಸಾಗುವ ಗಾಡಿಗಳಲ್ಲಿ ಉಳಿದ ಕಂಪನಿಗಳ ಬಾಕ್ಸ್‌ಕಾರ್‌ಗಳು ದೇಶದ ಒಟ್ಟು ಸಂಖ್ಯೆಯಲ್ಲಿ ಅವುಗಳ ಪಾಲು ಎಷ್ಟೋ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಕಾಣಿಸುತ್ತಿದ್ದವು. ಗಾಡಿ ಕ್ಯಾಲಿಫೋರ್ನಿಯಾದ್ದಾದರೂ ಅಷ್ಟೇ. ಸಾವಿರಾರು ಮೈಲಿ ಆಚೆಯ ಪೆನ್ಸಿಲ್ವೇನಿಯಾ, ನ್ಯೂಯಾರ್ಕ್ ಸೆಂಟ್ರಲ್ ಕಂಪನಿಗಳ ಡಬ್ಬಿಗಳು ಅದರಲ್ಲಿರಲೇಬೇಕು. ಯಾಕೆಂದರೆ ದೇಶದಲ್ಲೇ ಅತಿ ಹೆಚ್ಚು ಬಾಕ್ಸ್‌ಕಾರ್ ಇದ್ದದ್ದು ಅವುಗಳ ಬಳಿ. ಕಲ್ಲಿದ್ದಲಿನ ಹಾಪರ್‌ಗಳಿಗೆ ಈ ಮಾತು ಅನ್ವಯಿಸುವುದಿಲ್ಲ, ಅವು ಗಣಿಗೂ ಬಂದರಿಗೂ ನಡುವೆ ಓಡಾಡಿಕೊಂಡಿದ್ದವು. ಸಣ್ಣ ಸ್ಥಳೀಯ ಗಾಡಿಗಳಿಗೂ ಅನ್ವಯಿಸದು. ಈ ಸಿದ್ಧಾಂತದ ಬಗ್ಗೆ ಹವ್ಯಾಸಿಗಳಲ್ಲಿ ಜಗಳ ಇನ್ನೂ ಮುಗಿದಿಲ್ಲ. ಆದರೆ ಅದು ಮಾಡಿದ ಉಪಕಾರ ದೊಡ್ಡದು. ‘ನನಗೆ ಇಷ್ಟವಾದದ್ದು’ ಎಂಬಲ್ಲಿಂದ ‘ಅಲ್ಲಿ ನಿಜಕ್ಕೂ ಇದ್ದದ್ದು’ ಎಂಬಲ್ಲಿಗೆ ಸಂಗ್ರಹಕಾರರನ್ನು ಎಳೆದುತಂದಿತು.

ಎಳೆದುತಂದ ಮೇಲೆ ಅವರು ಕೊಂಡದ್ದೇನು? ಪೆನ್ಸಿಲ್ವೇನಿಯಾ ರೈಲ್ವೆಯ ಎಕ್ಸ್29. 1924ರಿಂದ ಕಟ್ಟಿದ, ಮೂವತ್ತು ಸಾವಿರದ ಆಸುಪಾಸಿನಲ್ಲಿದ್ದ, ಗಿಡ್ಡನೆಯ ಉಕ್ಕಿನ ಡಬ್ಬಿ. ನೋಡಲು ಏನೇನೂ ವಿಶೇಷವಿಲ್ಲ. ಆಮೇಲೆ ಪುಲ್‌ಮನ್-ಸ್ಟ್ಯಾಂಡರ್ಡ್ ಕಂಪನಿಯ ಪಿಎಸ್-1. 1947ರಲ್ಲಿ ಶುರುವಾಗಿ ಒಂದು ಲಕ್ಷಕ್ಕೂ ಹೆಚ್ಚು ಕಟ್ಟಿದ್ದು, ಅಂಗಡಿಯ ಶರ್ಟಿನಂತೆ ಸಿದ್ಧವಾಗಿ ಯಾವ ಕಂಪನಿ ಬಂದರೂ ಮಾರಲು ತಯಾರು. ಇಂಥ ಸಪ್ಪೆ ಡಬ್ಬಿಯ ಒಳ್ಳೆಯ ಮಾಡೆಲಿಗೆ ಇವತ್ತು ನಲವತ್ತೈವತ್ತು ಡಾಲರು ಕೊಡುವವರಿದ್ದಾರೆ. ಒಂದೇ ಡಬ್ಬಿಯನ್ನು ಬೇರೆಬೇರೆ ನಂಬರಿನಲ್ಲಿ ಆರೆಂಟು ಕೊಳ್ಳುವವರೂ ಇದ್ದಾರೆ. ಅಸಲಿ ಗಾಡಿಯಲ್ಲಿ ಹಾಗೇ ಇತ್ತಲ್ಲ!

ಡಬ್ಬಿಯ ಗೋಡೆಯನ್ನು ಓದುವ ವಿದ್ಯೆ ಇದರ ಜೊತೆಗೇ ಬೆಳೆಯಿತು. ಮೊದಲಿಗೆ ಮಾಲೀಕರ ಗುರುತು. ಎರಡರಿಂದ ನಾಲ್ಕು ಅಕ್ಷರ, ಕೊನೆಯ ಅಕ್ಷರ ಎಕ್ಸ್ ಆಗಿದ್ದರೆ ಡಬ್ಬಿ ರೈಲು ಕಂಪನಿಯದಲ್ಲ, ಖಾಸಗಿಯವರದು. ಯುಟಿಎಲ್‌ಎಕ್ಸ್ ಎಂದರೆ ಯೂನಿಯನ್ ಟ್ಯಾಂಕ್ ಕಾರ್, ಒಂದು ಕಾಲಕ್ಕೆ ರಾಕ್‌ಫೆಲರ್‌ನ ಸ್ಟ್ಯಾಂಡರ್ಡ್ ಆಯಿಲ್ ಸಾಮ್ರಾಜ್ಯದ ಎಣ್ಣೆ ಟ್ಯಾಂಕುಗಳ ಒಡೆಯ. ಈ ಗುರುತು, ನಂಬರು, ಅಳತೆಗಳನ್ನೆಲ್ಲ ಕಂಪನಿವಾರು ಪಟ್ಟಿ ಮಾಡಿದ ‘ಅಫಿಷಿಯಲ್ ರೈಲ್ವೇ ಇಕ್ವಿಪ್‌ಮೆಂಟ್ ರಿಜಿಸ್ಟರ್’ ಎಂಬ ದಪ್ಪ ಹೊತ್ತಗೆ ಹತ್ತೊಂಬತ್ತನೇ ಶತಮಾನದಿಂದಲೂ ಬರುತ್ತಿದೆ. ಕಾದಂಬರಿ ಓದುವಂತೆ ಅದರ ಹಳೆಯ ಸಂಚಿಕೆಗಳನ್ನು ಓದುವವರಿದ್ದಾರೆ.

ವಯಸ್ಸು ಹೇಳುವ ಗುರುತುಗಳು ಇನ್ನೂ ಸ್ವಾರಸ್ಯಕರ. 1957ರ ಮಾರ್ಚಿನಲ್ಲಿ ಕಟ್ಟಿದ ಒಂದು ಬಾಕ್ಸ್‌ಕಾರ್ ಇದೆಯೆಂದುಕೊಳ್ಳಿ. ಹುಟ್ಟುವಾಗ ಅದರ ಚಾವಣಿಯ ಮೇಲೆ ಉದ್ದಕ್ಕೂ ಒಂದು ಕಾಲುಹಾದಿಯಿತ್ತು. ಓಡುವ ಗಾಡಿಯ ಮೇಲೆ ನಡೆದು ಕೈಬ್ರೇಕು ತಿರುಗಿಸುತ್ತಿದ್ದ ಬ್ರೇಕ್‌ಮನ್‌ಗಳ ಕಾಲದ ಪಳೆಯುಳಿಕೆ ಅದು. 1966ರಿಂದ ಕಟ್ಟಿದ ಡಬ್ಬಿಗಳಿಗೆ ಅದು ಬೇಡವಾಯಿತು, ಹಳೆಯವುಗಳಿಂದಲೂ ನಿಧಾನವಾಗಿ ಕಿತ್ತರು. 1967ರ ನಂತರ ಪಕ್ಕದ ಗೋಡೆಗೆ ಕೆಂಪು, ನೀಲಿ, ಬಿಳಿ, ಕಪ್ಪು ಪಟ್ಟಿಗಳ ಫಲಕವೊಂದು ಬಂತು. ವಿದ್ಯಾರ್ಥಿಯಾಗಿದ್ದಾಗ ಪೆನ್ಸಿಲ್ವೇನಿಯಾ ರೈಲ್ವೆಯಲ್ಲಿ ಕೆಲಸ ಮಾಡಿದ್ದ ಡೇವಿಡ್ ಕಾಲಿನ್ಸ್ ಸಿಲ್ವೇನಿಯಾ ಕಂಪನಿಯಲ್ಲಿ ರೂಪಿಸಿದ ಕಾರ್‌ಟ್ರ್ಯಾಕ್ ಪದ್ಧತಿ ಅದು. ಹಳಿಯ ಪಕ್ಕದ ಯಂತ್ರ ಬೆಳಕು ಹಾಯಿಸಿ ಡಬ್ಬಿಯ ನಂಬರು ಓದಿಕೊಳ್ಳುತ್ತಿತ್ತು. ಅಂಗಡಿಯ ಚೂಯಿಂಗ್ ಗಮ್ ಪೊಟ್ಟಣದ ಬಾರ್‌ಕೋಡನ್ನು ಮೊದಲ ಸಲ ಓದಿದ್ದು 1974ರಲ್ಲಿ, ರೈಲು ಡಬ್ಬಿಗಳು ಅದಕ್ಕೂ ಏಳು ವರ್ಷ ಮೊದಲೇ ಆ ದಾರಿ ಹಿಡಿದಿದ್ದವು. ಸೋಲಿಸಿದ್ದು ಧೂಳು. ಫಲಕ ಕೊಳೆಯಾದರೆ ಯಂತ್ರಕ್ಕೆ ಕಾಣದು, ಒರೆಸುವವರು ಯಾರು? 1977ರಲ್ಲಿ ಅದನ್ನು ಕೈಬಿಟ್ಟರು. ಮರುವರ್ಷ ಒಂದು ಬಗೆಯ ದೋಷದ ಗಾಲಿಗಳನ್ನು ಹುಡುಕಿ ತೆಗೆಯುವ ದೇಶವ್ಯಾಪಿ ತಪಾಸಣೆ ನಡೆದು, ಪಾಸಾದ ಡಬ್ಬಿಗೆ ಕಪ್ಪು ಚೌಕದೊಳಗೆ ಹಳದಿ ಚುಕ್ಕೆ ಬಿತ್ತು. 90ರ ದಶಕದಲ್ಲಿ ರೇಡಿಯೊ ಅಲೆಯ ಪುಟ್ಟ ಟ್ಯಾಗು ಬಂತು. 1974ರ ಜುಲೈಗೆ ಮುಂಚೆ ಕಟ್ಟಿದ ಡಬ್ಬಿಗಳು ಬೇರೆ ಕಂಪನಿಯ ಹಳಿಗೆ ಹೋಗಲು ಸಾಮಾನ್ಯವಾಗಿ 40 ವರ್ಷದ ಗಡುವು. ನಮ್ಮ ಡಬ್ಬಿ 1997ರಲ್ಲಿ ನಿವೃತ್ತ.

ಆದ್ದರಿಂದ 1965ರ ಊರನ್ನು ಕಟ್ಟಿದ ಹವ್ಯಾಸಿಯ ಮೇಜಿನ ಮೇಲೆ ಹಳದಿ ಚುಕ್ಕೆಯ ಡಬ್ಬಿ ಕಂಡರೆ ರಿವೆಟ್ ಎಣಿಸುವವರ ಮುಖ ಹುಳ್ಳಗಾಗುತ್ತದೆ. ಬಣ್ಣ ಸರಿಯಿದ್ದು ಡಬ್ಬಿಯೇ ತಪ್ಪಾಗಿದ್ದರೆ ಅದಕ್ಕೆ ಅವರು ‘ಫೂಬಿ’ ಎಂಬ ತಿರಸ್ಕಾರದ ಹೆಸರಿಟ್ಟಿದ್ದಾರೆ. ಇಷ್ಟು ಕಟ್ಟುನಿಟ್ಟು ಅತಿಯಾಯಿತಲ್ಲವೇ ಅನ್ನಿಸಬಹುದು. ನನಗೂ ಕೆಲವೊಮ್ಮೆ ಹಾಗನ್ನಿಸುತ್ತದೆ. ಆದರೆ ಕಪ್ಲಿಂಗಿನ ಕತೆ ನೆನಪಾದಾಗ ಅಭಿಪ್ರಾಯ ಬದಲಾಗುತ್ತದೆ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಎರಡು ಡಬ್ಬಿ ಜೋಡಿಸಬೇಕೆಂದರೆ ಆಳು ನಡುವೆ ನಿಂತು ಕಬ್ಬಿಣದ ಕೊಂಡಿಗೆ ಗೂಟ ಇಳಿಸಬೇಕಿತ್ತು. ಎಷ್ಟೋ ಜನ ಬೆರಳು, ಕೈ, ಪ್ರಾಣ ಕಳೆದುಕೊಂಡರು. ಈಲೈ ಜ್ಯಾನಿ 1873ರಲ್ಲೇ ತಾನಾಗಿ ಕಚ್ಚಿಕೊಳ್ಳುವ ಕಪ್ಲಿಂಗಿಗೆ ಪೇಟೆಂಟ್ ಪಡೆದಿದ್ದ. ಕಂಪನಿಗಳಿಗೆ ಖರ್ಚು ಬೇಡವಾಗಿತ್ತು. ಅಯೋವಾದ ಲೊರೆಂಜೊ ಕಾಫಿನ್ ಎಂಬಾತ ವರ್ಷಗಟ್ಟಲೆ ಊರೂರು ಸುತ್ತಿ, ಪತ್ರ ಬರೆದು, ಜನಪ್ರತಿನಿಧಿಗಳ ಬೆನ್ನುಬಿದ್ದ. ಕೊನೆಗೆ 1893ರಲ್ಲಿ ಕಾನೂನು ಬಂತು. ಈಗ ಎಚ್‌ಒ ಲೋಕದಲ್ಲಿ ಎಲ್ಲರೂ ಒಪ್ಪಿದ ಕಪ್ಲಿಂಗ್ ಕೇಡೀ ಕಂಪನಿಯದು. ಆರೆಗನ್‌ನ ಅವಳಿ ಸೋದರರಾದ ಕೀತ್ ಮತ್ತು ಡೇಲ್ ಎಡ್ವರ್ಡ್ಸ್ ತಮ್ಮ ಹೆಸರಿನ ಮೊದಲಕ್ಷರ ಕೂಡಿಸಿ ಕಟ್ಟಿದ ಕಂಪನಿ ಅದು. ಅದರ ಪುಟ್ಟ ಲೋಹದ ಮುಷ್ಟಿ ಜ್ಯಾನಿಯದನ್ನೇ ಹೋಲುತ್ತದೆ. ನಮ್ಮ ಬಾಕ್ಸ್‌ಎನ್ ವ್ಯಾಗನ್‌ಗಳ ನಡುವೆ ಕಾಣುವ ಸಿಬಿಸಿ ಕಪ್ಲಿಂಗೂ ಅದೇ ವಂಶದ್ದು. ಅಂಥ ಒಂದು ಭಾಗ ಮಾಡೆಲ್‌ನಲ್ಲಿ ಸರಿಯಾಗಿರಬೇಕು ಎಂದು ಯಾರಾದರೂ ಹಟ ಹಿಡಿದರೆ ತಪ್ಪೇನು?

ಅಸಲಿ ಡಬ್ಬಿಗಳೇ ಈಗ ಎಲ್ಲಿವೆ? ಇಲಿನಾಯ್ ರಾಜ್ಯದ ಯೂನಿಯನ್ ಎಂಬ ಊರಿನಲ್ಲಿ ದೊಡ್ಡ ರೈಲ್ವೆ ಮ್ಯೂಸಿಯಂ ಇದೆ, ಪುಲ್‌ಮನ್ ಕಂಪನಿಯ ನಕ್ಷೆಗಳೂ ಅಲ್ಲಿವೆ. ಷಿಕಾಗೋ ಕಡೆಯ ಕನ್ನಡಿಗರು ಮಕ್ಕಳನ್ನು ಕರೆದುಕೊಂಡು ಹೋಗಿಬರಬಹುದಾದ ದೂರ. ಕಬೂಸ್, ಅಂದರೆ ಗಾರ್ಡಿನ ಡಬ್ಬಿ, 1980ರ ದಶಕದಲ್ಲಿ ಕೆಲಸ ಕಳೆದುಕೊಂಡು ಎಷ್ಟೋ ಕಡೆ ಅತಿಥಿಗೃಹವಾಗಿದೆ. ಫ್ಲ್ಯಾಟ್‌ಕಾರ್‌ಗಳ ಗಾಲಿ ಕಳಚಿ ಹಳ್ಳಗಳ ಮೇಲೆ ಮಲಗಿಸಿ ರೈತರು ಸೇತುವೆ ಮಾಡಿಕೊಂಡಿದ್ದಾರೆ. ಒಮ್ಮೆ ಇಡೀ ದೇಶವೇ ಡಬ್ಬಿ ಸಂಗ್ರಹಿಸಿದ್ದೂ ಉಂಟು. ಯುದ್ಧದ ನಂತರ ಕಳಿಸಿದ ನೆರವಿಗೆ ಕೃತಜ್ಞತೆಯಾಗಿ ಫ್ರಾನ್ಸ್ 1949ರಲ್ಲಿ 49 ಹಳೆಯ ಡಬ್ಬಿಗಳಲ್ಲಿ ಉಡುಗೊರೆ ತುಂಬಿ ಕಳಿಸಿತು. ಅಂದಿನ 48 ರಾಜ್ಯಗಳಿಗೆ ತಲಾ ಒಂದು, ಉಳಿದದ್ದು ರಾಜಧಾನಿಗೂ ಹವಾಯಿಗೂ ಸೇರಿ. ‘ನಲವತ್ತು ಜನ ಅಥವಾ ಎಂಟು ಕುದುರೆ’ ಹಿಡಿಸುವ ಆ ಡಬ್ಬಿಗಳಲ್ಲಿ ಹೆಚ್ಚಿನವು ಇನ್ನೂ ಉಳಿದಿವೆ. ನೋಡಿ, ಇಲ್ಲೂ ಉಳಿದದ್ದು ಕತೆಯಿರುವ ಡಬ್ಬಿಯೇ. ಎಕ್ಸ್29, ಪಿಎಸ್-1ಗಳಲ್ಲಿ ಬಹುಪಾಲು ತೂಕಕ್ಕೆ ಹಾಕಿ ಕರಗಿಸಿದ ಉಕ್ಕು.

ನಮ್ಮಲ್ಲಿ ಈ ಹವ್ಯಾಸ ತೆಳು. 1676 ಮಿಲಿಮೀಟರಿನ ನಮ್ಮ ಬ್ರಾಡ್‌ಗೇಜ್ ಎಚ್‌ಒ ಅಳತೆಯಲ್ಲಿ 19 ಮಿಲಿಮೀಟರು ದಾಟುತ್ತದೆ. ಪೇಟೆಯಲ್ಲಿ ಸಿಗುವುದು 16.5ರ ಹಳಿ, ಹಾಗಾಗಿ ಭಾರತೀಯ ಮಾಡೆಲ್ ಮಾಡುವವರು ಮೊದಲ ಹೆಜ್ಜೆಯಲ್ಲೇ ರಾಜಿಯಾಗಬೇಕು. ಓದುವ ವಿದ್ಯೆಗೆ ಅಂಥ ಅಡ್ಡಿಯಿಲ್ಲ. ನಮ್ಮ ವ್ಯಾಗನ್‌ಗಳ ಮೇಲೆ ಹನ್ನೊಂದು ಅಂಕಿಯ ನಂಬರಿರುತ್ತದೆ. ಮೊದಲೆರಡು ಅಂಕಿ ವ್ಯಾಗನ್ನಿನ ಬಗೆ, ಮುಂದಿನೆರಡು ಯಾವ ವಲಯದ್ದು, ಆಮೇಲಿನೆರಡು ಕಟ್ಟಿದ ವರ್ಷ, ನಂತರದ ನಾಲ್ಕು ಅದರ ಸ್ವಂತ ನಂಬರು, ಕೊನೆಯದು ತಾಳೆ ನೋಡುವ ಅಂಕಿ. ಹೊಸಪೇಟೆಯಲ್ಲಿ ಅದಿರು ತುಂಬಿ ನಿಂತ ಬಾಕ್ಸ್‌ಎನ್ ಆಗಲಿ, ಹಳೆಯ ಪ್ರಯಾಣಿಕರ ಬೋಗಿಯನ್ನು ಮಾರ್ಪಡಿಸಿ ಕಾರು ಸಾಗಿಸುವ ಎನ್‌ಎಂಜಿ ಆಗಲಿ, ತನ್ನ ವಯಸ್ಸನ್ನು ಹೀಗೆ ತಾನೇ ಹೇಳುತ್ತದೆ.

ಕಳೆದುಹೋಗಿರುವುದು ಮೀಟರ್‌ಗೇಜ್ ಕಾಲದ ಲೆಕ್ಕ. ಮೈಸೂರಿನ ರೈಲ್ವೆ ಮ್ಯೂಸಿಯಂ 1979ರಿಂದಲೂ ಇದೆ, ನೋಡಲು ಹೋದವರು ನಿಲ್ಲುವುದು ಎಂಜಿನ್ನುಗಳ ಮುಂದೆ, ಮಹಾರಾಣಿಯವರ ಬೋಗಿಯ ಮುಂದೆ. 1992ರಲ್ಲಿ ಗೇಜ್ ಬದಲಾವಣೆಯ ಯೋಜನೆ ಶುರುವಾದ ಮೇಲೆ ಅರಸೀಕೆರೆ, ಬೀರೂರು, ಹಾಸನದ ದಾರಿಯಲ್ಲಿ ಭತ್ತ, ಗೊಬ್ಬರ, ಮರ ಹೊತ್ತ ಸಾಧಾರಣ ವ್ಯಾಗನ್‌ಗಳು ಯಾವ ಬಗೆಯವಿದ್ದವು, ಒಂದು ಗಾಡಿಯಲ್ಲಿ ಯಾವುದು ಎಷ್ಟಿತ್ತು ಎಂದು ಹೇಳಬಲ್ಲವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಗಿಲ್ಬರ್ಟ್ ಮತ್ತು ನೆಲ್ಸನ್‌ಗೆ ಉತ್ತರ ಸಿಕ್ಕಿದ್ದು ಯಾರೋ ಗಾರ್ಡುಗಳು ಎಸೆಯದೆ ಇಟ್ಟಿದ್ದ ನೋಟ್‌ಬುಕ್ಕುಗಳಿಂದ. ನಿಮ್ಮ ಮನೆಯಲ್ಲಿ ಅಜ್ಜನೋ ದೊಡ್ಡಪ್ಪನೋ ಗಾರ್ಡಾಗಿ, ಗೂಡ್ಸ್ ಕ್ಲರ್ಕಾಗಿ, ಯಾರ್ಡಿನಲ್ಲಿ ದುಡಿದವರಿದ್ದರೆ, ಅವರ ಡೈರಿ, ಟ್ರಂಕಿನ ತಳದ ಕಾಗದ, ಹಿನ್ನೆಲೆಯಲ್ಲಿ ವ್ಯಾಗನ್ ಬಿದ್ದಿರುವ ಒಂದು ಫೋಟೊ, ಏನಿದ್ದರೂ ರದ್ದಿಗೆ ಹಾಕಬೇಡಿ. ಅವರು ಇನ್ನೂ ಇದ್ದರೆ ಈ ಭಾನುವಾರವೇ ಕೂರಿಸಿಕೊಂಡು ಕೇಳಿ, ಕೇಳಿದ್ದನ್ನು ಬರೆದಿಡಿ.